ಪಾಕ್ ಆಲಂಗ್ ಜೇಬಿನ ನಾಲ್ಕು ಬೋಲ್ಟು

ತೈಪಿಂಗ್ ಊರಿನ ಬೆಟ್ಟದ ಮೇಲೆ ಇನ್ನೂ ಮಂಜು ಕೂತಿದೆ. ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿಸಿದವರು ಕಾಫಿ ಅಂಗಡಿಯ ಕಡೆ ತಿರುಗುವ ಹೊತ್ತು. ಲೌ ಅವರ ಗ್ಯಾರೇಜಿನ ಅಂಗಳದಲ್ಲಿ ಮಾತ್ರ ಹಳೆಯ ಡಾಟ್ಸನ್ ಟ್ಯಾಕ್ಸಿಯೊಂದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ಒಂದರಲ್ಲಷ್ಟೇ ಚಪ್ಪಲಿ ಇದೆ.

"ಒಂದು" ಎನ್ನುತ್ತದೆ ಕಾರಿನಡಿಯ ದನಿ. ಸ್ಪ್ಯಾನರ್ ಒಂದಿಷ್ಟು ಕಿರುಗುಟ್ಟುತ್ತದೆ. "ಎರಡು."

ನಾಲ್ಕು ಎಂದಾದ ಮೇಲೆ ಹಮ್ದಾನ್ ಈಚೆ ತೆವಳಿ ಬರುತ್ತಾರೆ. ಅರವತ್ತೆರಡರ ಗಿಡ್ಡ ಮೈಕಟ್ಟು, ಮೂಗಿನ ತುದಿಗೆ ಗ್ರೀಸು. ಊರಿಗೆಲ್ಲ ಅವರು ಪಾಕ್ ಆಲಂಗ್. ಬಿಚ್ಚಿದ ನಾಲ್ಕು ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಬಿಗಿಯುತ್ತಾರೆ. ಅವು ಹಿಡಿದಿದ್ದ ಶಾಫ್ಟಿನ ತುದಿಗೂ ಅದು ಕೂಡುವ ಜಾಗಕ್ಕೂ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದದ್ದಾಗಿದೆ. ವಾಪಸ್ ಜೋಡಿಸುವಾಗ ಗೆರೆಗೆ ಗೆರೆ ಕೂಡಬೇಕು, ಇಲ್ಲದಿದ್ದರೆ ಓಡುವಾಗ ಕಾರು ಗಡಗಡ ನಡುಗುತ್ತದೆ.

"ಪಾಕ್ ಆಲಂಗ್, ಕಾರನ್ನ ಲಾರಿ ಮೇಲೆ ಮಲಗಿಸ್ಕೊಂಡು ಹೋಗೋ ಕಾಲ ಇದು. ನೀವೊಬ್ರು ಇನ್ನೂ ಅದರ ಹೊಟ್ಟೆ ಕುಯ್ತಾ ಕೂತಿದೀರಲ್ಲ" ಎಂದು ಗ್ಯಾರೇಜಿನ ಯಜಮಾನ ಲೌ ಕಿಯೊಂಗ್ ಕಾಲೆಳೆಯುತ್ತಾರೆ.

"ಕುಯ್ಯೋಕೆ ಬರದೇ ಇರೋರಿಗೆ ಲಾರಿ, ತೌಕೆ" ಎನ್ನುತ್ತಾರೆ ಪಾಕ್ ಆಲಂಗ್. ತೌಕೆ ಎಂದರೆ ಧಣಿ.

ಪಾಕ್ ಆಲಂಗ್ ಅವರ ಕಸುಬು ಕೆಟ್ಟು ನಿಂತ ಕಾರುಗಳನ್ನು ದೂರದ ಊರಿಗೆ ಎಳೆದುಕೊಂಡು ಹೋಗುವುದು. ಅದಕ್ಕೊಂದು ಹಳೆಯ ಪಿಕಪ್ಪು, ಅದರ ಹಿಂದೆ ತಾವೇ ಬೆಸುಗೆ ಹಾಕಿ ಮಾಡಿಕೊಂಡ ಎರಡು ಚಕ್ರದ ಡಾಲಿ. ಕಾರಿನ ಮುಂದಿನ ಚಕ್ರಗಳು ಡಾಲಿಯ ಮೇಲೆ ಕೂರುತ್ತವೆ, ಹಿಂದಿನವು ನೆಲದ ಮೇಲೆ ಉರುಳುತ್ತವೆ. ಈಗಿನ ಕಾರುಗಳಿಗೆ ಇಷ್ಟೇ ಸಾಕು, ಅವುಗಳ ಎಂಜಿನ್ ತಿರುಗಿಸುವುದೇ ಮುಂದಿನ ಚಕ್ರವನ್ನು. ಹಳೆಯವು ಹಾಗಲ್ಲ. ಅವುಗಳಲ್ಲಿ ಎಂಜಿನ್ನಿನ ಬಲ ಹೊಟ್ಟೆಯಡಿಯ ಉದ್ದನೆಯ ಶಾಫ್ಟ್ ಹಿಡಿದು ಹಿಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಉರುಳಿದರೆ ಶಾಫ್ಟ್ ತಿರುಗುತ್ತದೆ, ಶಾಫ್ಟ್ ತಿರುಗಿದರೆ ಗೇರ್‌ಬಾಕ್ಸು. ನಾಲ್ಕು ಬೋಲ್ಟು ಬಿಚ್ಚಿ ಶಾಫ್ಟನ್ನು ಕಳಚಿಟ್ಟರೆ ಮಾತ್ರ ಅದು ತಿರುಗುವುದಿಲ್ಲ.

"ನ್ಯೂಟ್ರಲ್‌ನಲ್ಲಿ ಇಟ್ಟಿದೀವಲ್ಲ, ಇನ್ನೇನು ಅಂತ ಎಲ್ಲರೂ ಅಂದ್ಕೊಳ್ತಾರೆ. ಎಂಜಿನ್ ನಿದ್ದೆ ಮಾಡ್ತಿರತ್ತೆ, ಗೇರ್‌ಬಾಕ್ಸಿನ ಅರ್ಧ ಮಾತ್ರ ಎದ್ದು ತಿರುಗ್ತಿರತ್ತೆ. ಎಣ್ಣೆ ತಳದಲ್ಲೇ ಕೂತಿರತ್ತೆ, ಮೇಲಕ್ಕೆ ಚಿಮ್ಮಲ್ಲ. ಹತ್ತಿಪ್ಪತ್ತು ಮೈಲಿ ತಡ್ಕೊಳ್ಳತ್ತೆ. ನೂರು ದಾಟಿದ್ರೆ ಕರಕಲು" ಎನ್ನುತ್ತಾರೆ. ಕಾರನ್ನು ಹಿಂದುಮುಂದಾಗಿ ಏರಿಸಬಹುದಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ಘಾಟಿ ತಿರುವಿನಲ್ಲಿ ಹಾವಿನ ಥರ ಬಾಲ ಬೀಸತ್ತೆ. ಮೊಮ್ಮಕ್ಕಳ ಮುಖ ನೋಡಬೇಕು ನಾನು."

ಇವತ್ತಿನ ದಾರಿ ಬೆಟ್ಟ ದಾಟಿ ಕೆಲಂತಾನ್ ರಾಜ್ಯದ ಜೆಲಿಗೆ, ಸುಮಾರು ಇನ್ನೂರ ಅರವತ್ತು ಕಿಲೋಮೀಟರ್. ಅರವತ್ತರ ವೇಗ ಮೀರುವುದಿಲ್ಲ. ಐವತ್ತು ಕಿಲೋಮೀಟರಿಗೊಮ್ಮೆ ನಿಂತು, ಇಳಿದು, ಎಳೆಸಿಕೊಂಡು ಬರುವ ಕಾರಿನ ಹಿಂದಿನ ಎರಡೂ ಚಕ್ರದ ನಡುವಿಗೆ ಅಂಗೈ ಇಟ್ಟು ನೋಡುತ್ತಾರೆ. ವಾರಕ್ಕೆ ಮೂರು ಸಲದಂತೆ ಸುಮಾರು ನಲವತ್ತು ವರ್ಷದಿಂದ ಇದೇ ನಡೆದಿದೆ. ಹೆಂಡತಿ ಸರಿಪಾ ನಗುತ್ತಾರೆ: "ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ನೆನಪಿಲ್ಲ. ಕಂಡೋರ ಚಕ್ರ ಮುಟ್ಟೋದು ಮಾತ್ರ ಮರೆಯಲ್ಲ."

ಈ ಮುಟ್ಟಿ ನೋಡುವ ಚಾಳಿ ಎಲ್ಲಿಂದ ಬಂತು ಎಂದು ಕೇಳಿದರೆ ಪಾಕ್ ಆಲಂಗ್ ಟ್ಯಾಕ್ಸಿಯ ಬಾನೆಟ್ಟಿನ ಮೇಲೆ ಕೈಯಿಡುತ್ತಾರೆ. ಸಂಗತಿ ಇದೇ ಡಾಟ್ಸನ್ನಿನದು.

ಸಾವಿರದ ಒಂಬೈನೂರ ಎಂಬತ್ತಾರು. ಬೆಟ್ಟದ ಹೆದ್ದಾರಿ ಇನ್ನೂ ಹೊಸದು. ಟ್ಯಾಕ್ಸಿ ನಿಲ್ದಾಣದಲ್ಲಿ "ಕೋತಾ ಭಾರು, ಕೋತಾ ಭಾರು, ಇನ್ನೊಬ್ರೇ ಇನ್ನೊಬ್ರು" ಎಂಬ ಕೂಗು ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಗುರುತು ಪರಿಚಯ ಇಲ್ಲದ ನಾಲ್ವರು ಒಂದೇ ಟ್ಯಾಕ್ಸಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು, ಒಬ್ಬರ ಡುರಿಯನ್ ಹಣ್ಣಿನ ವಾಸನೆಯನ್ನು ಉಳಿದ ಮೂವರೂ ಸಹಿಸಿಕೊಂಡು, ಊರು ಮುಟ್ಟುವಷ್ಟರಲ್ಲಿ ನೆಂಟರಾಗಿಬಿಡುತ್ತಿದ್ದರು. ಅಂಥ ಟ್ಯಾಕ್ಸಿ ಓಡಿಸುತ್ತಿದ್ದವರು ಜೆಲಿಯ ಸೆಮಾನ್, ಎಲ್ಲರ ಬಾಯಲ್ಲಿ ಪೊಕ್ ಸು. ಈದ್ ಹಬ್ಬಕ್ಕೆ ಎರಡು ವಾರ ಇರುವಾಗ ಅವರ ಎಂಜಿನ್ ತೈಪಿಂಗ್‌ನಲ್ಲಿ ಕೈಕೊಟ್ಟಿತು. ಜೆಲಿಗೆ ಎಳೆದು ಮುಟ್ಟಿಸುವ ಕೆಲಸ ಇಪ್ಪತ್ತಮೂರರ ಹಮ್ದಾನನ ಪಾಲಿಗೆ ಬಂತು. ಹಮ್ದಾನ್ ಮುಂದಿನ ಚಕ್ರ ಎತ್ತಿದ, ನ್ಯೂಟ್ರಲ್‌ಗೆ ತಳ್ಳಿದ, ಹಾಡು ಹೇಳಿಕೊಂಡು ಹೊರಟ.

"ಜೆಲಿ ಮುಟ್ಟಿದಾಗ ಕಾರಿನಡಿಯಿಂದ ಹೊಗೆ. ಪೊಕ್ ಸು ಬಗ್ಗಿ ಗೇರ್‌ಬಾಕ್ಸ್ ಮುಟ್ಟಿದ್ರು, ಅಂಗೈ ಚುರ್ ಅಂತು. ಹಬ್ಬಕ್ಕೆ ಊರಿಗೆ ಹೋಗೋ ಜನ ಸಾಲುಗಟ್ಟಿ ನಿಂತಿರೋ ಕಾಲ, ಟ್ಯಾಕ್ಸಿಯವರ ಸುಗ್ಗಿ ಅದು. ಎಂಜಿನ್ ಒಂದೇ ಆಗಿದ್ರೆ ಹಬ್ಬದೊಳಗೆ ರಿಪೇರಿ ಆಗ್ತಿತ್ತು. ಅವರ ಗಾಡಿ ಆರು ವಾರ ಮೇಲೇಳಲಿಲ್ಲ. ನನ್ನ ತಪ್ಪಿಗೆ."

ಬೈದರೇ ಎಂದು ಕೇಳಿದರೆ:

"ಬೈದಿದ್ರೆ ಅವತ್ತೇ ಮರೀತಿದ್ದೆ. 'ಎಂಜಿನ್ನಂತೂ ಕೆಟ್ಟಿತ್ತು, ಈಗ ಗೇರ್‌ಬಾಕ್ಸೂ ಹೋತು, ಇರ್ಲಿ ಬಿಡು. ಹೊತ್ತು ಮುಳುಗೇತಿ, ಬಾ, ಮೊದ್ಲ ಉಪವಾಸ ಬಿಡು' ಅಂದ್ರು. ಅನ್ನ, ಸುಟ್ಟ ಮೀನು ಹಾಕಿದ್ರು. ಅವರ ಮುಖ ನೋಡೋಕಾಗ್ಲಿಲ್ಲ. ತಟ್ಟೆ ಹಾಗೇ ಬಿಟ್ಟು ಎದ್ದುಬಂದೆ."

ಅಂದಿನಿಂದ ಅವರು ಶಾಫ್ಟ್ ಬಿಚ್ಚದೆ ಹಳೆಯ ಕಾರು ಎಳೆದದ್ದಿಲ್ಲ. ಮನೆ ಮುಟ್ಟಿದ ಮೇಲೆ ನಾಲ್ಕೂ ಬೋಲ್ಟನ್ನು ಮಾಲೀಕರ ಕೈಗೆ ಕೊಟ್ಟು, ಒಂದೊಂದಾಗಿ ಈಸಿಕೊಂಡು, ಅವರ ಕಣ್ಣೆದುರೇ ಬಿಗಿಯುವುದು ಅವರೇ ಮಾಡಿಕೊಂಡ ಪದ್ಧತಿ.

ಹದಿನಾರು ವರ್ಷದ ಹಿಂದೆ ಕಣ್ಣು ಮಂಜಾದಾಗ ಪೊಕ್ ಸು ಟ್ಯಾಕ್ಸಿಯನ್ನು ಲೌ ಅವರಿಗೆ ಮಾರಿದ್ದರು. ಈಗ ಲೌ ಗ್ಯಾರೇಜನ್ನೇ ಮುಚ್ಚುತ್ತಿದ್ದಾರೆ. ಗುಜರಿಗೆಂದು ಹಿಂದಿನ ಶೆಡ್ಡಿನಿಂದ ಹೊರಗೆ ತಂದ ಕಾರಿನ ನಂಬರ್ ಫಲಕ ಕಂಡದ್ದೇ ಪಾಕ್ ಆಲಂಗ್ ಅದರ ಗುರುತು ಹಿಡಿದರು. ಲೌ ದುಡ್ಡು ತೆಗೆದುಕೊಳ್ಳದೆ ಕಾರು ಕೊಟ್ಟರು. ಇವರು ಜೆಲಿಗೆ ಫೋನು ಹಚ್ಚಿ, ನಿಮ್ಮ ಗೇರ್‌ಬಾಕ್ಸ್ ಸುಟ್ಟವನು ನಾನು ಎಂದು ಹೇಗೋ ಗುರುತು ಹೇಳಿದರು.

"ಆ ಹುಡುಗನ? ಉಣ್ಣದ ಎದ್ದು ಹೋದಾಂವ?" ಎಂದಿತಂತೆ ಆಚೆಯ ಮುದಿದನಿ. ಗಾಡಿ ಬೇಕೇ ಎಂದಾಗ, "ತಗೊಂಬಾ. ಓಡಸಾಕ ಅಲ್ಲಪಾ, ಕಣ್ಣು ಹೋಗ್ಯಾವು. ಅದರಾಗ ಕುಂದ್ರಾಕ."

ಲೌ ಆಗಾಗ ಚಾಲೂ ಮಾಡುತ್ತಿದ್ದುದರಿಂದ ಎಂಜಿನ್ನಿಗೇನೂ ಆಗಿಲ್ಲ, ಆದರೆ ರಸ್ತೆ ತೆರಿಗೆಯ ಕಾಗದ ಎಂದೋ ಮುಗಿದದ್ದರಿಂದ ಓಡಿಸುವಂತಿಲ್ಲ. ಎಳೆದೇ ಒಯ್ಯಬೇಕು, ಅದೇ ದಾರಿಯಲ್ಲಿ. ಹೊರಡುವಾಗ ಪಾಕ್ ಆಲಂಗ್ ಹಾಡು ಹೇಳುವುದಿಲ್ಲ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಆಗಾಗ ಜೇಬಿನ ಮೇಲೆ.

ಗೆರಿಕ್‌ನಲ್ಲಿ ಮುಟ್ಟಿ ನೋಡಿದಾಗ ಎರಡೂ ಚಕ್ರ ಸರಿಯಿವೆ. ಅಲ್ಲಿಂದ ಕಾಡು ಶುರು. ಆನೆ ದಾಟುವ ಜಾಗ ಎಂಬ ಫಲಕ ದಾಟಿ ಏರು ಹತ್ತಿ, ದೊಡ್ಡ ಸರೋವರದ ಸೇತುವೆ ಕಳೆದು ನಿಂತಾಗ ಬಲಗಡೆಯ ಹಿಂಚಕ್ರ ಬಿಸಿಯಾಗಿದೆ. ಅಂಗೈ ಇಡಲಾಗದಷ್ಟು.

"ಮತ್ತೆ ಇದೇ ಗಾಡಿಯಲ್ಲೇ ಆಗಬೇಕಾ" ಎಂದು ತಮ್ಮಷ್ಟಕ್ಕೇ ಗೊಣಗುತ್ತ ಒದ್ದೆ ನೆಲದ ಮೇಲೆಯೇ ಮಲಗಿ ಒಳಗೆ ತೂರುತ್ತಾರೆ. ಕಳಚಿದ ಶಾಫ್ಟನ್ನು ಕಾರಿನಡಿಗೆ ಎತ್ತಿ ಕಟ್ಟಿದ ಹಗ್ಗ ಗಟ್ಟಿಯಾಗಿಯೇ ಇದೆ, ಅದು ಕದಲಿಲ್ಲ. ತಪ್ಪು ಬೇರೆಲ್ಲೋ ಇದೆ. ಹದಿನಾರು ವರ್ಷ ನಿಂತಲ್ಲೇ ನಿಂತು ತುಕ್ಕು ಹಿಡಿದ ಹ್ಯಾಂಡ್‌ಬ್ರೇಕಿನ ತಂತಿ ಬಲಗಡೆ ಬಿಗಿದುಕೊಂಡು ಚಕ್ರವನ್ನು ಹಿಡಿದೆಳೆಯುತ್ತಿದೆ. ತಂತಿ ಕಳಚಿ, ಬ್ರೇಕು ಸಡಿಲಿಸಿ, ಚಕ್ರ ಎತ್ತಿ ಕೈಯಿಂದ ತಿರುಗಿಸುತ್ತಾರೆ. ಸಲೀಸಾಗಿ ತಿರುಗುತ್ತದೆ. ಆದರೂ ಪೂರಾ ಆರುವವರೆಗೆ ಒಂದು ಗಂಟೆ ಅಲ್ಲೇ ಕಾಯುತ್ತಾರೆ. ಅಷ್ಟರಲ್ಲಿ ಮೂರು ಹೊಸ ಕಾರು ಹೊತ್ತ ಲಾರಿಯೊಂದು ಹಾರನ್ ಬಾರಿಸಿ ದಾಟಿ ಹೋಗುತ್ತದೆ. ಆಮೇಲೆ ಹತ್ತು ಹತ್ತು ಕಿಲೋಮೀಟರಿಗೂ ನಿಂತು ಮುಟ್ಟಿ ನೋಡುತ್ತ, ಜೆಲಿ ಸೇರುವಾಗ ಮಧ್ಯಾಹ್ನ ಎರಡಾಗಿದೆ.

ಪೊಕ್ ಸು ಮರದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಎಂಬತ್ತನಾಲ್ಕು ವಯಸ್ಸು, ಗೆರೆಗೆರೆ ಸರೋಂಗು ಲುಂಗಿ, ತಲೆಗೆ ಬಿಳಿ ಟೋಪಿ. ಮಗಳು ಕೈ ಹಿಡಿದು ಕರೆತರುತ್ತಾಳೆ. ಡಾಲಿಯಿಂದ ಇಳಿದ ಕಾರಿನ ಬಾನೆಟ್ಟು, ಕನ್ನಡಿ, ಬಾಗಿಲು ಎಲ್ಲವನ್ನೂ ಸವರುತ್ತ ಹೋಗಿ ಚಾಲಕನ ಸೀಟಿನಲ್ಲಿ ಕೂರುತ್ತಾರೆ. ಗೇರಿನ ಕೋಲನ್ನು ಹಿಡಿದು, ಅಂಗೈಯನ್ನು ಮೆಲ್ಲಗೆ ಅದರ ಬುಡಕ್ಕೆ ಜಾರಿಸಿ ಅಲ್ಲೇ ಒತ್ತಿ ಹಿಡಿಯುತ್ತಾರೆ. ಮೂವತ್ತೊಂಬತ್ತು ವರ್ಷದ ಹಿಂದೆ ಸುಟ್ಟುಕೊಂಡದ್ದು ಅದೇ ಕೈ. ಪಾಕ್ ಆಲಂಗ್ ಕಾರಿನ ಬಾಗಿಲ ಬಳಿ ನಿಂತಿದ್ದಾರೆ.

"ತಣ್ಣಗ ಐತಿ" ಎನ್ನುತ್ತಾರೆ ಮುದುಕರು.

ಪಾಕ್ ಆಲಂಗ್ ಜೇಬಿನ ಗುಂಡಿ ಬಿಚ್ಚಿ ನಾಲ್ಕು ಬೋಲ್ಟನ್ನೂ ಆ ಅಂಗೈಯಲ್ಲಿಡುತ್ತಾರೆ. ಪೊಕ್ ಸು ಬೆರಳಿನಿಂದ ಒಂದೊಂದನ್ನೂ ತಡವಿ ಎಣಿಸಿ ಮತ್ತೆ ಮುಷ್ಟಿ ಮುಚ್ಚುತ್ತಾರೆ.

"ನಾಲ್ಕೂ ಅದಾವು. ಇವು ನನ್ನ ಕಡೆ ಇರ್ಲಿ, ಉಂಡ ಮ್ಯಾಲೆ ಕೊಡ್ತೀನಿ. ಇಲ್ಲಂದ್ರ ನೀ ಮತ್ತ ಎದ್ದು ಹೋಗಾಂವ."

ಒಳಗೆ ಚಾಪೆಯ ಮೇಲೆ ಅನ್ನ, ಸುಟ್ಟ ಮೀನು, ಹಸಿ ಸೊಪ್ಪು, ಬುಡು ಎಂಬ ಮೀನಿನ ಗೊಜ್ಜು. ತನಗೆ ಇನ್ನೇನೂ ಬೇಡ, ಕಣ್ಮುಚ್ಚುವ ಮೊದಲು ಈ ಬೋಲ್ಟು ಬಿಚ್ಚುವ ಕೆಲಸವನ್ನು ಯಾರಾದರೂ ಕೇಳಿ ಕಲಿತುಕೊಂಡರೆ ಸಾಕು ಎಂದು ಸದಾ ಹೇಳುವ ಪಾಕ್ ಆಲಂಗ್ ಈಗ ತಲೆ ಬಗ್ಗಿಸಿ ಉಣ್ಣುತ್ತಿದ್ದಾರೆ. ತಟ್ಟೆ ಖಾಲಿಯಾಗುತ್ತದೆ. ಅನ್ನದ ಪಾತ್ರೆ ಹಿಡಿದು ನಿಂತ ಮಗಳ ಕಡೆ ನೋಡಿ ಹೇಳುತ್ತಾರೆ:

"ಇನ್ನೊಂದು ಸೌಟು ಹಾಕಮ್ಮ."