ಕೈಗೆ ತಾಳುವಷ್ಟು ಬಿಸಿ

ಮಹಾಪೆಯ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಹುದ್ದೆಯ ಹೆಸರು ಲ್ಯಾಬ್ ಅಟೆಂಡೆಂಟ್. ನಿಜಕ್ಕೂ ನಾನು ಅಲ್ಲಿನ ಅಡಿಗೆಯವನಾಗಿದ್ದೆ, ಬ್ಯಾಕ್ಟೀರಿಯಾಗಳಿಗೆ ಊಟ ತಯಾರಿಸುವ ಅಡಿಗೆಯವನು. ಅದಕ್ಕೆ ಮುಂಚೆ ಮೂವತ್ತು ವರ್ಷ ಡೊಂಬಿವಲಿ ಪೂರ್ವದ ಒಂದು ಉಡುಪಿ ಹೋಟೆಲಿನಲ್ಲಿ ಮನುಷ್ಯರಿಗೆ ಅಡಿಗೆ ಮಾಡಿದ್ದೆ. ಆ ಹನ್ನೊಂದು ವರ್ಷಗಳಲ್ಲಿ ಒಬ್ಬ ಹುಡುಗಿಯ ಕೆಲಸ ನನ್ನಿಂದ ಹೋಯಿತು. ಅದು ನನ್ನಿಂದಲೇ ಹೋದದ್ದೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಹತ್ತನೆಯ ತರಗತಿ ಮುಗಿಸಿ ಊರಿನಿಂದ ಬಂದವನು ನಾನು. ಹೋಟೆಲಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು ಬಿಲ್ಡರ್ ತೆಗೆದುಕೊಂಡಾಗ ಹೋಟೆಲು ಮುಚ್ಚಿತು. ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಗಿರಾಕಿಯೊಬ್ಬರು ತಮ್ಮ ಕಂಪನಿಯಲ್ಲಿ ಹೇಳಿ ನನ್ನನ್ನು ಗುತ್ತಿಗೆಯ ಮೇಲೆ ಸೇರಿಸಿದರು. ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಕಂಪನಿಯ ಬಸ್ಸು ನಿಂತು ನಿಂತು ಹೋಗುತ್ತಿತ್ತು. ಹೋಟೆಲಿನ ಪಾಳಿಗೆ ಹೋಲಿಸಿದರೆ ಅದು ಸುಖದ ಜೀವನವೇ.

ಕೆಲಸ ನನಗೆ ಹೊಸದೆನಿಸಲಿಲ್ಲ. ಪುಡಿಗಳನ್ನು ತೂಗಿ ನೀರಿಗೆ ಹಾಕಬೇಕು, ಅಗರ್ ಸೇರಿಸಬೇಕು. ಹೋಟೆಲಿನಲ್ಲಿ ಪುಡ್ಡಿಂಗಿಗೆ ಹಾಕುತ್ತಿದ್ದ ಚೈನಾ ಗ್ರಾಸ್ ಎಂಬುದೇ ಈ ಅಗರ್. ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಅದನ್ನು ಬೇಯಿಸಿ, ಆರಿದ ಮೇಲೆ ಆಂಟಿಬಯಾಟಿಕ್ ಬೆರೆಸಿ, ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ತಟ್ಟೆಗಳಿಗೆ ತೆಳ್ಳಗೆ ಹೊಯ್ಯಬೇಕು. ಈ ತಟ್ಟೆಗಳಿಗೆ ಅಲ್ಲಿ ಪ್ಲೇಟು ಎನ್ನುತ್ತಿದ್ದರು. ಎಷ್ಟು ಆರಬೇಕೆಂದು ಕೇಳಿದಾಗ ನನಗಿಂತ ಮುಂಚೆ ಆ ಕೆಲಸದಲ್ಲಿದ್ದವನು ಹೇಳಿದ್ದು ಇಷ್ಟೆ: ಫ್ಲಾಸ್ಕನ್ನು ಬರಿಗೈಯಲ್ಲಿ ಹಿಡಿಯಲು ಆಗಬೇಕು, ಆಗ ಔಷಧಿ ಹಾಕು. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ ಅಂಟಿಸಿತ್ತು, ಅದರಲ್ಲಿ ಐವತ್ತು ಡಿಗ್ರಿ ಎಂದಿತ್ತು. ಥರ್ಮಾಮೀಟರ್ ಡ್ರಾಯರಿನಲ್ಲೇ ಇತ್ತು. ಅದನ್ನು ಯಾರೂ ಬಳಸಿದ್ದನ್ನು ನಾನು ಕಂಡಿರಲಿಲ್ಲ.

ಮೂವತ್ತು ವರ್ಷ ಇಡ್ಲಿ ಪಾತ್ರೆಯ ತಟ್ಟೆಗಳನ್ನು ಬೆರಳಿನಲ್ಲೇ ಎತ್ತಿದವನು, ಸಾಂಬಾರಿನ ಕೊಳಗವನ್ನು ಬಟ್ಟೆಯಿಲ್ಲದೆ ಒಲೆಯಿಂದ ಸರಿಸಿದವನು ನಾನು. ಉಳಿದವರು ದಪ್ಪ ಕೈಗವಸು ಹಾಕಿಕೊಂಡು ಫ್ಲಾಸ್ಕು ಹೊರತೆಗೆದರೆ ನಾನು ಬರಿಗೈಯಲ್ಲಿ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಲ್ಯಾಬಿನ ಹುಡುಗ ಹುಡುಗಿಯರು ಬಾಯಿಬಿಟ್ಟು ನೋಡುತ್ತಿದ್ದರು. ಅದು ನನಗೆ ಹೆಮ್ಮೆಯ ವಿಷಯ. ಆರಲು ಬಿಟ್ಟರೆ ಅಗರ್ ಗಂಟುಗಟ್ಟುತ್ತದೆ, ತಟ್ಟೆ ಉಬ್ಬುತಗ್ಗಾಗುತ್ತದೆ. ಬಿಸಿಯಿರುವಾಗ ಹೊಯ್ದರೆ ಕನ್ನಡಿಯ ಹಾಗೆ ಕೂರುತ್ತದೆ. ನನ್ನ ಪ್ಲೇಟುಗಳಷ್ಟು ಚಂದದ ಪ್ಲೇಟು ಬೇರೆ ಎಲ್ಲೂ ಸಿಗುವುದಿಲ್ಲವೆಂದು ಲ್ಯಾಬಿನ ಮುಖ್ಯಸ್ಥರಾದ ಸಾಹೇಬರೇ ಒಮ್ಮೆ ಹೇಳಿದ್ದರು.

ನಾಲ್ಕನೆಯ ವರ್ಷ ಆ ಹುಡುಗಿ ಬಂದಳು. ಕಲ್ಯಾಣದವಳು. ತಂದೆ ವಿಜಯಪುರದ ಕಡೆಯವರು, ರೈಲ್ವೆಯಲ್ಲಿದ್ದರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ, ಶಾಲೆ ಮರಾಠಿ. ಮನೆಯಲ್ಲಿ ಕೇಳಿ ಕಲಿತ ಕನ್ನಡ ಬಾಯಲ್ಲಿತ್ತು, ಅಕ್ಷರ ಗೊತ್ತಿರಲಿಲ್ಲ. ನಾನು ಕನ್ನಡದವನೆಂದು ತಿಳಿದ ದಿನದಿಂದ ನನ್ನನ್ನು ಕಾಕಾ ಎಂದು ಕರೆದಳು. ಅಲ್ಲಿನ ಎಲ್ಲರಿಗೂ ನಾನು ಅಣ್ಣಾ. ಅವಳೊಬ್ಬಳಿಗೆ ಕಾಕಾ. ಆರು ತಿಂಗಳ ಪ್ರೊಬೇಷನ್ನಿನ ಮೇಲೆ ಬಂದಿದ್ದಳು. ಕೊಟ್ಟ ಕೆಲಸ ಆರು ತಿಂಗಳಲ್ಲಿ ಆದರೆ ಇರಬಹುದು, ಇಲ್ಲದಿದ್ದರೆ ಹೋಗಬೇಕು.

ಪ್ಲೇಟು ಒಯ್ಯಲು ಬಂದಾಗ ಅವಳು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತ ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಳು. ಡಿಎನ್ಎ ಎಂದರೆ ತಿರುಚಿದ ಏಣಿ, ಎರಡು ಎಳೆ, ನಡುವೆ ಮೆಟ್ಟಿಲು. ಅಕ್ಷರಗಳು ನಾಲ್ಕೇ. ಎ ಎದುರಿಗೆ ಟಿ ಮಾತ್ರ, ಜಿ ಎದುರಿಗೆ ಸಿ ಮಾತ್ರ. ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಸಾಲಿನಲ್ಲಿ ಒಂದು ಅಕ್ಷರ ಬದಲಾದರೆ ಅದೇ ಮ್ಯುಟೇಶನ್. ಹೆಚ್ಚಿನ ಸಲ ಏನೂ ಆಗುವುದಿಲ್ಲ, ಕೆಲವು ಸಲ ಕೆಡುತ್ತದೆ, ಅಪರೂಪಕ್ಕೆ ಒಳ್ಳೆಯದಾಗುತ್ತದೆ. ಭಿವಂಡಿಯ ಮಗ್ಗಗಳಲ್ಲಿ ನೂಲಿಗೆ ಗಂಜಿ ಹಾಕಿ ನೇಯುತ್ತಾರೆ, ಆಮೇಲೆ ಆ ಗಂಜಿಯನ್ನು ತೆಗೆಯಬೇಕು. ಅದನ್ನು ಕರಗಿಸುವ ಎನ್ಜೈಮನ್ನು ಕಂಪನಿ ಮಾಡುತ್ತಿತ್ತು, ಆದರೆ ಅದು ಕುದಿಯುವ ನೀರಿನಲ್ಲಿ ಬೇಗ ಸಾಯುತ್ತಿತ್ತು. ಅದರ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿ, ಬಿಸಿ ತಾಳುವ ಹಾಗೆ ಮಾಡುವುದು ಅವಳಿಗೆ ಕೊಟ್ಟ ಕೆಲಸ.

ಅಕ್ಷರ ಬದಲಿಸಿದ ತುಂಡನ್ನು ಒಂದು ಉಂಗುರದಂಥ ಡಿಎನ್ಎಗೆ ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಬೇಕು. ಆಗ ಅದು ಬೆಳೆದಂತೆ ತುಂಡೂ ಲಕ್ಷಗಟ್ಟಲೆ ಪ್ರತಿಯಾಗುತ್ತದೆ. ಇದಕ್ಕೇ ಕ್ಲೋನಿಂಗ್ ಎನ್ನುತ್ತಾರೆ. ಆದರೆ ಸಾವಿರ ಬ್ಯಾಕ್ಟೀರಿಯಾಗಳಲ್ಲಿ ಉಂಗುರ ಹೊಗುವುದು ಒಂದೆರಡಕ್ಕೆ ಮಾತ್ರ. ಅವನ್ನು ಹುಡುಕುವುದು ಹೇಗೆ ಎಂದು ನಾನು ಕೇಳಿದ್ದೆ.

“ಉಂಗುರ ಅಂದ್ರ ಲೋಕಲ್ ಟ್ರೇನಿನ ಪಾಸ್ ಇದ್ದಂಗ ಕಾಕಾ,” ಎಂದಳು. “ನೀವು ಪ್ಲೇಟಿಗೆ ಹಾಕೋ ಆಂಪಿಸಿಲಿನ್ ಟೀಸಿ. ಪಾಸ್ ಇದ್ದಾವ್ರು ಉಳೀತಾರ, ಇಲ್ಲದಾವ್ರನ್ನ ಕೆಳಗ ಇಳಸ್ತಾನ. ಸಮಜಲಾ?”

“ಆಯ್ತು ಮಾರಾಯ್ತಿ. ಹಾಗಾದ್ರೆ ಟೀಸಿಯನ್ನು ನೇಮಕ ಮಾಡೂದು ನಾನೇ ಅಲ್ವಾ,” ಎಂದೆ. ಇಬ್ಬರೂ ನಕ್ಕೆವು.

ಮೊದಲ ಸಲ ಅವಳ ಪ್ಲೇಟುಗಳ ತುಂಬ ಬ್ಯಾಕ್ಟೀರಿಯಾ ಬೆಳೆದು ಬಿಳಿಯ ಚುಕ್ಕೆಗಳೆದ್ದಾಗ ಅವಳು ನನಗೆ ಪೇಡೆ ತಂದುಕೊಟ್ಟಳು. ಆ ಚುಕ್ಕೆಗಳನ್ನು ಹೆಕ್ಕಿ, ತಾನೇ ಆಂಪಿಸಿಲಿನ್ ಬೆರೆಸಿದ ಟ್ಯೂಬುಗಳಿಗೆ ಹಾಕಿ ಬೆಳೆಸಿದರೆ ಹೆಚ್ಚಿನವು ಬೆಳೆಯಲಿಲ್ಲ. ಬೆಳೆದವುಗಳಲ್ಲಿ ಬರೀ ಉಂಗುರವಿತ್ತು, ಅವಳ ತುಂಡು ಇರಲಿಲ್ಲ. ಮತ್ತೆ ಮಾಡಿದಳು, ಮತ್ತೆ ಹಾಗೆಯೇ ಆಯಿತು. ಮೂರನೆಯ ತಿಂಗಳು, ನಾಲ್ಕನೆಯ ತಿಂಗಳು ಕಳೆಯಿತು. ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ಒಯ್ಯುತ್ತಿದ್ದಳು. ಪಕ್ಕದ ಮೇಜಿನವರು ಅವಳ ಕೈ ಲ್ಯಾಬಿಗೆ ಹೇಳಿದ್ದಲ್ಲ ಎಂದು ಮಾತಾಡಿಕೊಂಡರು. ಅವರ ಕೆಲಸಗಳು ಸಲೀಸಾಗಿ ಆಗುತ್ತಿದ್ದವು. ಅವರು ಬಳಸುತ್ತಿದ್ದ ಆಂಟಿಬಯಾಟಿಕ್ ಬೇರೆ, ಬಿಸಿಗೆ ಜಗ್ಗದ ಜಾತಿಯದು. ಆಂಪಿಸಿಲಿನ್ ಬಳಸುತ್ತಿದ್ದವಳು ಅವಳೊಬ್ಬಳೆ.

ಆರನೆಯ ತಿಂಗಳ ಕೊನೆಗೆ ಲ್ಯಾಬಿಗೆ ಆಡಿಟ್ ಬರುವುದಿತ್ತು. ಪ್ರತಿಯೊಂದು ಕೋಣೆಗೂ ಒಂದೊಂದು ರಿಜಿಸ್ಟರ್ ಕೊಟ್ಟರು. ಪ್ಲೇಟು ಹೊಯ್ಯುವಾಗ ಎಷ್ಟು ಡಿಗ್ರಿ ಇತ್ತೆಂದು ಇನ್ನು ಮುಂದೆ ಬರೆದಿಡಬೇಕು. ನಾನು ಫ್ಲಾಸ್ಕನ್ನು ಎಂದಿನಂತೆ ಕೈಯಲ್ಲಿ ಹಿಡಿದು ನೋಡಿ, ಹದ ಬಂದಿದೆಯೆಂದು ಸ್ವಲ್ಪ ಬೀಕರಿಗೆ ಹೊಯ್ದು ಥರ್ಮಾಮೀಟರ್ ಅದ್ದಿದೆ. ಎಪ್ಪತ್ತೆರಡು ತೋರಿಸಿತು. ಥರ್ಮಾಮೀಟರ್ ಹಾಳಾಗಿದೆಯೆಂದು ಇನ್ನೊಂದನ್ನು ತಂದೆ. ಅದೂ ಅಷ್ಟೇ ತೋರಿಸಿತು. ಆಂಪಿಸಿಲಿನ್ ಬಾಟಲಿಯ ಮೇಲೆ ತಂಪಿನಲ್ಲಿಡಿ ಎಂದು ಬರೆದದ್ದನ್ನು ನಾಲ್ಕು ವರ್ಷದಿಂದ ಓದುತ್ತಲೇ ಇದ್ದೆ. ಹೆಚ್ಚು ಓದದಿದ್ದರೂ ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ಕೈ ತಾಳುವ ಬಿಸಿಯಲ್ಲಿ ಅವಳ ಔಷಧಿ ಸಾಯುತ್ತಿತ್ತು. ಪ್ಲೇಟುಗಳಲ್ಲಿ ಟೀಸಿ ಇರಲೇ ಇಲ್ಲ. ಉಂಗುರ ಇದ್ದವೂ ಇಲ್ಲದವೂ ಒಟ್ಟಿಗೆ ಬೆಳೆದಿದ್ದವು.

ರಿಜಿಸ್ಟರಿನಲ್ಲಿ ಐವತ್ತು ಎಂದು ಬರೆದೆ. ಆ ಫ್ಲಾಸ್ಕನ್ನು ಸಿಂಕಿಗೆ ಸುರಿದು, ಹೊಸದು ಮಾಡಿ, ನಿಜವಾಗಿ ಐವತ್ತಕ್ಕೆ ಇಳಿಯುವವರೆಗೆ ಕಾದು ಔಷಧಿ ಹಾಕಿದೆ. ಯಾರಿಗೂ ಹೇಳಲಿಲ್ಲ.

ಗುತ್ತಿಗೆಯವರಲ್ಲಿ ಇಬ್ಬರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ನನ್ನ ಹೆಸರಿದೆಯೆಂದು ಆಫೀಸಿನವರು ಹೇಳಿದ್ದರು. ಐವತ್ತು ದಾಟಿದವನಿಗೆ ಬೇರೆಲ್ಲಿ ಕೆಲಸ ಸಿಗುತ್ತದೆ ಎಂಬ ಯೋಚನೆ ಇತ್ತು. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ಪೂರ್ತಿ ಕಾರಣವೂ ಅಲ್ಲ. ಪ್ಲೇಟು ಮಾಡುವುದರಲ್ಲಿ ನನ್ನಂಥವನಿಲ್ಲ ಎಂಬ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಎರಡು ದಿನ ಬಿಟ್ಟು ಆ ಹುಡುಗಿಯೇ ಬಂದಳು. ಪ್ರೊಬೇಷನ್ನಿನ ತೀರ್ಮಾನಕ್ಕೆ ನಾಲ್ಕೇ ದಿನ ಉಳಿದಿತ್ತು. ಪ್ಲೇಟಿನಲ್ಲೇ ದೋಷವಿರಬಹುದೆಂದು ಸಾಹೇಬರಿಗೆ ಹೇಳಿದಳಂತೆ. ಅವರು ಮರಾಠಿ ಗಾದೆ ಹೇಳಿದರಂತೆ, ಕುಣಿಯಲು ಬಾರದವಳಿಗೆ ಅಂಗಳ ಡೊಂಕು ಎಂದು. ಅಷ್ಟಾದರೂ ಒಂದು ಪರೀಕ್ಷೆಗೆ ಒಪ್ಪಿದ್ದರು. ಉಂಗುರವಿಲ್ಲದ ಬರೀ ಬ್ಯಾಕ್ಟೀರಿಯಾವನ್ನು ಹಳೆಯ ಪ್ಲೇಟಿನ ಮೇಲೆ ಗೀರಿ ಇಡುವುದು. ಏನೂ ಬೆಳೆಯಬಾರದು. ಬೆಳೆದರೆ ಪ್ಲೇಟು ಕೆಟ್ಟದ್ದು, ಹುಡುಗಿ ಸರಿ. ಬೆಳೆಯದಿದ್ದರೆ ಪ್ಲೇಟು ಸರಿ.

“ಹೋದ ತಿಂಗಳದ್ದು ಎರಡು ಪ್ಲೇಟ್ ಕೊಡ್ರಿ ಕಾಕಾ. ನಿಮ್ಮ ಮ್ಯಾಲ ಸಂಶಯ ಅಂತ ಅಲ್ಲ ಮತ್ತ,” ಎಂದಳು.

ಹುಡುಕಿ ತರುತ್ತೇನೆ, ನೀನು ಹೋಗಿರು ಎಂದೆ. ಹೋದ ತಿಂಗಳ ಪ್ಲೇಟುಗಳು ಕೋಲ್ಡ್ ರೂಮಿನಲ್ಲಿ ಎದುರಿಗೇ ಇದ್ದವು. ನಾನು ಹೊಸದಾಗಿ, ಸರಿಯಾಗಿ ಮಾಡಿದವುಗಳಿಂದ ಎರಡು ತೆಗೆದೆ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ತಾರೀಖು ಒರೆಸಿ ಹಳೆಯ ತಾರೀಖು ಬರೆದೆ. ಮಸಿ ಒಣಗುವವರೆಗೆ ಊದಿ, ಅವಳ ಮೇಜಿಗೆ ಒಯ್ದುಕೊಟ್ಟೆ. ಉಳಿದ ಹಳೆಯವನ್ನೆಲ್ಲ ಅಂದೇ ಕಸಕ್ಕೆ ಹಾಕಿದೆ.

ಮರುದಿನ ಆ ಎರಡೂ ಪ್ಲೇಟುಗಳು ತೊಳೆದ ಗಾಜಿನಂತೆ ಸ್ವಚ್ಛವಾಗಿದ್ದವು. ಸಾಹೇಬರು ಎಲ್ಲರೆದುರು ಅವನ್ನು ಎತ್ತಿ ಹಿಡಿದು ತೋರಿಸಿದರು. ನಾನು ಕಸದ ಚೀಲ ಕಟ್ಟುತ್ತ ಅಲ್ಲೇ ನಿಂತಿದ್ದೆ.

ಕೊನೆಯ ದಿನ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಕೋಣೆಗೆ ಬಂದಳು. ಸ್ಟೂಲಿನ ಮೇಲೆ ಕೂರಲಿಲ್ಲ.

“ನಿಮ್ಮ ಪ್ಲೇಟ್ ಚಲೋನ ಇದ್ವು ಕಾಕಾ. ನಾನಽ ಸುಮ್ನ ಸಂಶಯ ಪಟ್ಟೆ. ಮಾಫ್ ಮಾಡ್ರಿ,” ಎಂದಳು.

“ಎಂತ ಇಲ್ಲ ಮಗಾ. ಒಳ್ಳೇದಾಗ್ಲಿ,” ಎಂದೆ. ಚಹಾ ಕುಡಿಯುತ್ತೀಯಾ ಎಂದೂ ಕೇಳಿದೆ. ಬಸ್ಸು ತಪ್ಪುತ್ತದೆ ಎಂದು ಹೋದಳು.

ಅವಳ ಜಾಗಕ್ಕೆ ಬಂದವನು ಅವಳು ಫ್ರೀಜರಿನಲ್ಲಿಟ್ಟುಹೋದ ತುಂಡುಗಳನ್ನೇ ತೆಗೆದುಕೊಂಡು ನನ್ನ ಹೊಸ ಪ್ಲೇಟುಗಳಲ್ಲಿ ಮೂರು ವಾರದೊಳಗೆ ಕೆಲಸ ಮುಗಿಸಿದ. ಎಲ್ಲರಿಗೂ ಕೇಕ್ ಹಂಚಿದರು. ನನಗೂ ಒಂದು ತುಂಡು ಬಂತು. ಮುಂದಿನ ತಿಂಗಳು ನಾನು ಕಾಯಂ ಆದೆ.

ನಿವೃತ್ತನಾದ ಮೇಲೆ ಕಾಮೋಠೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ವರ್ಷ ಸಂಬಂಧಿಕರನ್ನು ನೋಡಲು ಕಲ್ಯಾಣಕ್ಕೆ ಹೋದಾಗ, ಸ್ಟೇಷನ್ನಿನ ಹತ್ತಿರದ ಕಟ್ಟಡವೊಂದರ ಮೇಲೆ ಹನ್ನೊಂದು ಹನ್ನೆರಡನೆಯ ತರಗತಿಯ ಬಯಾಲಜಿ ಕ್ಲಾಸಿನ ಬೋರ್ಡು ನೋಡಿದೆ. ಅದರಲ್ಲಿ ಅವಳ ಫೋಟೋ ಇತ್ತು. ಕನ್ನಡಕ ಬಂದಿತ್ತು, ಮುಖ ಅದೇ. ಆಮೇಲೆ ಎರಡು ಸಲ ಅದಕ್ಕಾಗಿಯೇ ಕಲ್ಯಾಣಕ್ಕೆ ಹೋಗಿ, ಬೋರ್ಡಿನ ಕೆಳಗೆ ನಿಂತು, ಮೆಟ್ಟಿಲು ಹತ್ತದೆ ವಾಪಸು ಬಂದೆ. ಬಾಯಲ್ಲಿ ಹೇಳಲು ಆಗುವುದಿಲ್ಲವೆಂದು ತಿಳಿದು, ಎಲ್ಲವನ್ನೂ ನಾಲ್ಕು ಹಾಳೆಯಲ್ಲಿ ಬರೆದುಕೊಂಡು ಮೂರನೆಯ ಸಲ ಹೋದೆ.

ಕ್ಲಾಸು ಇನ್ನೂ ಶುರುವಾಗಿರಲಿಲ್ಲ, ಖಾಲಿ ಬೆಂಚುಗಳ ನಡುವೆ ಅವಳೊಬ್ಬಳೇ ಇದ್ದಳು. ನನ್ನನ್ನು ಗುರುತಿಸಿ ಎದ್ದು ನಿಂತಳು. ನೀರು ತರಿಸುತ್ತೇನೆಂದಳು. ನಾನು ಹಾಳೆಗಳನ್ನು ಮುಂದೆ ಹಿಡಿದೆ. ಅವಳು ಮೊದಲ ಹಾಳೆಯನ್ನು ನೋಡಿ ವಾಪಸು ಕೊಟ್ಟಳು.

“ನನಗ ಕನ್ನಡ ಓದಾಕ ಬರಂಗಿಲ್ಲಲ್ರಿ ಕಾಕಾ. ನೀವಽ ಓದ್ರಿ.”

ಇದು ನನಗೆ ಮೊದಲೇ ಗೊತ್ತಿದ್ದ ವಿಷಯ. ಬರೆಯುವಾಗ ನೆನಪಾಗಲಿಲ್ಲ. ಓದಿದೆ. ಎಪ್ಪತ್ತೆರಡು ಎಂಬಲ್ಲಿ ಅವಳು ಒಮ್ಮೆ ತಡೆದು, ಸರಿಯಾಗಿ ನೋಡಿದ್ದಿರಾ ಎಂದು ಕೇಳಿದಳು. ಎರಡು ಥರ್ಮಾಮೀಟರ್‌ನಲ್ಲಿ ನೋಡಿದ್ದೆ ಎಂದೆ.  ಕೊನೆಯವರೆಗೆ ಓದಿ ಮುಗಿಸಿದೆ.

“ಬಿಸಿದು ಇರ್ಲಿ, ಅದು ನಿಮಗ ಗೊತ್ತಿಲ್ದ ಆತು,” ಎಂದಳು. “ಪ್ಲೇಟ್ ಬದ್ಲಿ ಮಾಡಿದ್ರಲ್ಲ, ಅದು? ನಾ ಆಮ್ಯಾಲ ಯಾವ ಲ್ಯಾಬಿಗೂ ಅರ್ಜಿ ಹಾಕಲಿಲ್ಲ ಕಾಕಾ. ನನ್ನ ಕೈಯಾಗ ಏನೋ ಐಬು ಐತಿ ಅಂತ ನಾನಽ ನಂಬಿಬಿಟ್ಟೆ.”

ನಾನು ಕ್ಷಮೆ ಕೇಳಿದೆ. ಅವಳು ಒಂದು ನೋಟ್‌ಬುಕ್ ಎಳೆದುಕೊಂಡು ಪೆನ್ನು ತೆಗೆದಳು. ನೀವು ಮತ್ತೆ ಮೊದಲಿನಿಂದ ಓದಿರಿ, ನಾನು ಮರಾಠಿಯಲ್ಲಿ ಬರೆದುಕೊಳ್ಳುತ್ತೇನೆ, ಸಾಹೇಬರಿಗೆ ಕಳಿಸಬೇಕು ಎಂದಳು. ನಾನು ಒಂದೊಂದೇ ವಾಕ್ಯ ಓದಿದೆ. ಅವಳು ತಲೆಯೆತ್ತದೆ ಬರೆದಳು, ಟೀಚರಿನ ಅಕ್ಷರ, ಗುಂಡಗೆ. ಗೊತ್ತಿಲ್ಲದ ಕನ್ನಡ ಶಬ್ದ ಬಂದಲ್ಲಿ ಅರ್ಥ ಕೇಳಿದಳು. ಸಮರ್ಥನೆ ಎಂದರೇನು ಎಂದು ಕೇಳಿದಳು, ಹೇಳಿದೆ. ಕೊನೆಯ ದಿನದ ವಿಷಯ ಬಂತು. ಅವಳು ಬಂದು ನನ್ನ ಹತ್ತಿರ ಮಾಫಿ ಕೇಳಿದ್ದನ್ನು ಓದಿದೆ. ಪೆನ್ನು ನಿಂತಿತು.

“ಇದು ಬ್ಯಾಡ,” ಎಂದಳು. “ಇದು ಅವ್ರಿಗೆ ಸಂಬಂಧ ಇಲ್ಲ.”

ಆ ಸಾಲು ಬಿಟ್ಟು ಮುಂದಿನದನ್ನು ಓದಿದೆ. ಮುಗಿದ ಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು. ಕೆಳಗೆ ಸಹಿ ಹಾಕಿದೆ, ಅಂದಿನ ತಾರೀಖನ್ನೂ ಬರೆದೆ. ಮಕ್ಕಳು ಮೆಟ್ಟಿಲು ಹತ್ತಿ ಬರಲಾರಂಭಿಸಿದ್ದರು. ಅವಳು ಹಾಳೆಗಳನ್ನು ಹರಿದು ಮಡಚಿ ಪರ್ಸಿನಲ್ಲಿಟ್ಟುಕೊಂಡು ಕಪ್ಪುಹಲಗೆಯ ಕಡೆಗೆ ನಡೆದಳು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಅವಳು ಬರೆದುಕೊಳ್ಳದ ಆ ಸಾಲನ್ನು ಈ ಬರಹದಲ್ಲಿ ನಾನು ಕೈಬಿಟ್ಟಿಲ್ಲ.