ಹಣ್ಣಾದ ಹುಳು ಕಾಯುವುದಿಲ್ಲ

ಕೂತಲ್ಲಿ ಕೂರುವ ಹೆಂಗಸಲ್ಲ ನಾನು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸಕೋಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವಾಗ ಪಾಠವನ್ನೂ ಓಡಾಡಿಕೊಂಡೇ ಮಾಡುತ್ತಿದ್ದೆ. ಆ ವರ್ಷ ನನ್ನ ನಿದ್ದೆ ಕೆಡಿಸಿದವಳು ಜಡಿಗೇನಹಳ್ಳಿ ಕಡೆಯ ಒಬ್ಬ ಹುಡುಗಿ. ಅವರ ಮನೆಯ ರೇಷ್ಮೆಹುಳುಗಳು ಒಂದು ಬೆಳೆಯಲ್ಲಿ ಪೂರ್ತಿ ಸತ್ತುಹೋಗಿದ್ದವು. ಯಾರದೋ ಕಣ್ಣು ಬಿತ್ತು ಎಂದು ಅವಳ ಅಜ್ಜಿ ತೀರ್ಮಾನಿಸಿದ್ದರು. ಹುಡುಗಿ ಸತ್ತ ಹುಳುವನ್ನು ಹಿಪ್ಪುನೇರಳೆ ಎಲೆಯಲ್ಲಿ ಸುತ್ತಿ ತಂದು, "ಯಾವ ಕಣ್ಣು ಅಂತ ನೋಡ್ಬೇಕು ಮೇಷ್ಟ್ರಮ್ಮ" ಎಂದಳು. ಶಾಲೆಯ ಭೂತಗನ್ನಡಿಯಲ್ಲಿ ಏನೂ ಕಾಣಲಿಲ್ಲ, ನನಗೂ ತಿಳಿಯಲಿಲ್ಲ. ಇವಳು ಬೆಂಗಳೂರಿನ ಕಾಲೇಜಿನಲ್ಲಿ ಸೈನ್ಸ್ ಓದಲೇಬೇಕು ಎಂದು ಅವತ್ತೇ ಹಟ ಹಿಡಿದೆ.

ಅವಳು ಪಾಸಾದಳು. ಅವಳ ಅಪ್ಪನನ್ನು ಹೇಗೋ ಒಪ್ಪಿಸಿದೆ. ಸೇರಲು ಸೋಮವಾರ ಕೊನೆಯ ದಿನ. ಪ್ರಿನ್ಸಿಪಾಲರ ಮುಂದೆ ಆಡಬೇಕಾದ ಮಾತನ್ನೆಲ್ಲ ನಾನೇ ಉರುಹೊಡೆದುಕೊಂಡಿದ್ದೆ. ಅವಳು ಪಕ್ಕದಲ್ಲಿ ನಿಂತರೆ ಸಾಕಿತ್ತು. "ಹುಳುವಿನ ಮಾತು ಎತ್ತಬೇಡ, ಹಳ್ಳಿ ಗುಗ್ಗು ಅಂದ್ಕೋತಾರೆ" ಎಂದು ಬುದ್ಧಿಯನ್ನೂ ಹೇಳಿದ್ದೆ.

ಭಾನುವಾರ ಸಂಜೆ ಅವರ ಮನೆಗೆ ಹೋದರೆ ಅಜ್ಜಿ ಬಾಗಿಲಲ್ಲೇ ತಡೆದರು. ಹುಳು ಸಾಕಿದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ.

"ನಾಳೆ ಹುಳ ಹಣ್ಣಾಗ್ತವೆ. ಸೊಸೆ ಬಾಣಂತಿ. ಇವಳೂ ಹೋದ್ರೆ ಆರಿಸೋರ್ಯಾರು? ನಾಡಿದ್ದು ಕರ್ಕೊಂಡೋಗಿ."

"ನಾಡಿದ್ದು ಸೇರಿಸ್ಕೊಳ್ಳಲ್ಲ ಅಜ್ಜಿ."

"ಹುಳ ಕಾಯಲ್ಲ ಕಣವ್ವ."

ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆಗಿಂದಾಗ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ಸಾಕಿದ ತಟ್ಟೆಯಲ್ಲೇ ನೂಲು ಬಿಟ್ಟು ರೇಷ್ಮೆಯನ್ನು ಹಾಳುಮಾಡುತ್ತದೆ. ಆ ಮನೆಯಲ್ಲಿ ಗಂಡಸರು ಹುಳು ಮುಟ್ಟುತ್ತಿರಲಿಲ್ಲ. ಅಜ್ಜಿಯ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಜಗಲಿಯ ಮೇಲೆ ಕೂತೆ, ಎದ್ದೆ, ಬೀದಿಯ ತುದಿಯವರೆಗೆ ಹೋಗಿ ಬಂದೆ. ಹುಡುಗಿ ಬಾಗಿಲ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಬಾಯಿಂದ ಬಂದೇಬಿಟ್ಟಿತು.

"ಅವಳ ಬದಲು ನಾನು ಆರಿಸ್ತೀನಿ. ಅಪ್ಪನ ಜೊತೆ ಅವಳು ಹೋಗ್ಲಿ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡು ಬಾ" ಎಂದರು.

ಸೋಮವಾರ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು ಅಪ್ಪ ಮಗಳನ್ನು ಹೊತ್ತು ಹೋಯಿತು. ಅಜ್ಜಿ ನನ್ನ ಕೈಗೆ ಬೂದಿ ತಿಕ್ಕಿಸಿ ಒಳಗೆ ಬಿಟ್ಟರು. ಹಳದಿಗೆ ತಿರುಗಿದ ಹುಳುಗಳನ್ನು ಹುಡುಕಿ ಹುಡುಕಿ ಎತ್ತಿದೆ. ಕೈ ತಟ್ಟೆಯಲ್ಲಿ, ಜೀವ ಬೆಂಗಳೂರಿನಲ್ಲಿ. ಬಸ್ಸು ದಾರಿಯಲ್ಲೇ ನಿಂತಿತೋ, ಪ್ರಿನ್ಸಿಪಾಲರ ಮುಂದೆ ಅವಳ ಬಾಯಿ ಕಟ್ಟಿತೋ! "ಮೆತ್ತಗೆ ಹಿಡಿಯವ್ವ, ನಿನ್ನ ಸಿಟ್ಟು ಹುಳದ ಮ್ಯಾಲ್ಯಾಕೆ" ಎಂದು ಅಜ್ಜಿ ಗದರಿದರು.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. "ನಂಗೆ ಬಾಯಿ ಬಿಡೋಕೇ ಬಿಡ್ಲಿಲ್ಲ, ಎಲ್ಲ ಇವಳೇ ಮಾತಾಡಿದ್ಲು" ಎಂದರು ಅಪ್ಪ.

"ಹೆಣ್ಣುಮಗೀಗೆ ಸೈನ್ಸ್ ಯಾಕಮ್ಮ ಅಂದ್ರು ಪ್ರಿನ್ಸಿಪಾಲ್ರು," ಎಂದಳು ಹುಡುಗಿ. "ನಮ್ಮನೆ ಹುಳ ಯಾಕೆ ಸತ್ವು ಅಂತ ತಿಳೀಬೇಕು ಅಂದೆ. ಸೇರಿಸ್ಕೊಂಡ್ರು."

ನಾನು ಎತ್ತಬೇಡ ಎಂದಿದ್ದ ಮಾತೇ ಅದು. ಸಂತೋಷಕ್ಕೆ ಕಣ್ಣು ತುಂಬಿತು. ನಾನಿಲ್ಲದೆಯೇ ಆಗಿಹೋಯಿತಲ್ಲ ಎಂಬ ಸಂಕಟವೂ ಜೊತೆಗೇ ಬಂತು. ಇಲ್ಲಿ ನನಗಿನ್ನೇನು ಕೆಲಸ ಎಂದು ಎದ್ದೆ. ಅಜ್ಜಿ ಸೆರಗು ಹಿಡಿದು ಕೂರಿಸಿದರು.

"ಎಲ್ಲಿಗೋಗ್ತೀಯವ್ವ? ಇವಳು ಕಾಲೇಜಿಗೆ ಹೋದ್ಮೇಲೆ ಮುಂದಿನ ಬೆಳೆಗೆ ಆರಿಸೋರ್ಯಾರು?"