ಗೌರಕ್ಕನ ಸೈಟಿನ ನೋಟಿಸು

ಗೆಳೆಯರೇ, ಇವತ್ತು ಗೌರಕ್ಕನ ಎದುರು ತಲೆ ಎತ್ತಲಾಗಲಿಲ್ಲ. ಚೆಟ್ಟಳ್ಳಿಯ ಕಾಫಿ ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲೇ ಮೂವತ್ತು ವರ್ಷ ಕಳೆದ ಅವರ ಪರವಾಗಿ ಮನೆ ಸೈಟಿಗೆ ಅರ್ಜಿ ಹಾಕಿದವನು ನಾನು. ಕೊಟ್ಟ ಇಮೇಲ್ ವಿಳಾಸವೂ ನನ್ನದೇ.

ಕಳೆದ ವಾರ ತಾಲ್ಲೂಕು ಕಚೇರಿಯಿಂದ ಒಂದು ವರ್ಡ್ ಫೈಲ್ ಬಂತು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ರಾಶಿ. ಫೋನ್ ಮಾಡಿದೆ. "ನಮ್ ಕಂಪ್ಯೂಟರಲ್ಲಿ ಸರಿಯಾಗೇ ಕಾಣ್ತದಲ್ಲ" ಎಂದು ಗುಮಾಸ್ತರು ಫೋನ್ ಇಟ್ಟರು. ಮತ್ತೆ ಫೋನ್ ಮಾಡಿ "ಓದಿ ಹೇಳಿ ಸಾರ್" ಎನ್ನುವುದು ಬಿಟ್ಟು, ನಾನು ಜನರ ಹಕ್ಕಿನ ಬಗ್ಗೆ ಎಂಟು ಪುಟದ ದೂರು ಬರೆಯುತ್ತ ಕೂತೆ, ಮುಗಿಸಿ ಅದೇ ಕಚೇರಿಗೆ ಇಮೇಲ್ ಮಾಡಿದೆ.

ಇವತ್ತು ಕುಶಾಲನಗರದ ಟೈಪಿಂಗ್ ಅಂಗಡಿಯವರು ಸರ್ಕಾರಿ ಕಚೇರಿಗಳಲ್ಲಿ ಇನ್ನೂ ಬಳಸುವ ಹಳೆಯ ಕನ್ನಡ ಫಾಂಟ್ ಹಾಕಿಕೊಟ್ಟರು. ತಕ್ಷಣ ಅಕ್ಷರಗಳು ಮೂಡಿದವು: ಮೂಲ ದಾಖಲೆಗಳೊಂದಿಗೆ ನಿನ್ನೆ ಹನ್ನೊಂದು ಗಂಟೆಗೆ ಹಾಜರಾಗಬೇಕಿತ್ತು, ತಪ್ಪಿದರೆ ಅರ್ಜಿ ವಜಾ.

ಕಾಫಿ ಕುಯ್ಯುತ್ತಿದ್ದ ಗೌರಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ. "ನಂಗೆ ಓದೋಕೆ ಬರಲ್ಲ ಅಂತ ನಿನ್ ಕೈಗೆ ಕೊಟ್ಟೆ ತಮ್ಮಾ. ನಿಂಗೂ ಬರ್ಲಿಲ್ವಾ?" ಎಂದು ಕೇಳಿ ಮತ್ತೆ ಗಿಡಕ್ಕೆ ಕೈ ಹಾಕಿದರು.

ನನ್ನ ದೂರಿಗೆ ಮಾತ್ರ ಸಂಜೆ ಉತ್ತರ ಬಂದಿದೆ: "ನೀವು ಕಳಿಸಿದ ಫೈಲ್ ತೆರೆಯುತ್ತಿಲ್ಲ, ಮತ್ತೊಮ್ಮೆ ಕಳಿಸಿ."